ಬೂಷ್ಟಿನ ಜಾತಿ

ಫೋನಿಟ್ಟ ಮೇಲೆ ತಾನು ನಕ್ಕೆನೇ, ನಕ್ಕಿದ್ದರೆ ಎಷ್ಟು ಗಟ್ಟಿಯಾಗಿ ನಕ್ಕೆ ಎಂಬುದು ಇಂಡಿ ಊರಿಗೆ ಹೊರಟ ಬಸ್ಸಿನಲ್ಲಿ ಕಿಟಕಿಗೆ ಒತ್ತಿ ಕೂತ ವಿದ್ಯಾವತಿಗೆ ಇನ್ನೂ ಬಗೆಹರಿದಿರಲಿಲ್ಲ. ಬಿಜಾಪುರದ ಮೆಡಿಕಲ್ ಕಾಲೇಜಿನ ಕಾರಿಡಾರಿನಲ್ಲಿ ನೆಲ ಒರೆಸುತ್ತಿದ್ದ ಹೆಂಗಸು ಕೈ ನಿಲ್ಲಿಸಿ ತಿರುಗಿ ನೋಡಿದ್ದಳು, ಹಾಗಾದರೆ ನಕ್ಕಿರಲೇಬೇಕು. ಪುಣೆಯ ಪ್ರಯೋಗಶಾಲೆಯಿಂದ ಗೆಳತಿ ನಜಮಾ ಹೇಳಿದ್ದು ಎರಡೇ ಮಾತು. "ಬೂಷ್ಟು ಹಿಸ್ಟೋಪ್ಲಾಸ್ಮಾನ ಐತಿ, ವಿದ್ಯಾ. ಅಕ್ಷರಕ್ಕ ಅಕ್ಷರ ಕೂಡತೈತಿ, ಅನುಮಾನ ಬ್ಯಾಡ." ಆ ಕ್ಷಣ ಎದೆಯಲ್ಲಿ ಉಕ್ಕಿದ್ದು ಧೂಳಪ್ಪನ ಮುಖವಲ್ಲ, ಅವನ ನಾಲಿಗೆಯ ಅಂಚಿನ ಹುಣ್ಣಲ್ಲ, ಆಸ್ಪತ್ರೆಯ ಮಂಚದ ಮೇಲೆ ಎದ್ದು ಕೂರಲು ಅವನು ಪಡುತ್ತಿದ್ದ ಪಾಡಲ್ಲ. ನಾನು ಹೇಳಿದ್ದೇ ಖರೆ ಆಯಿತು ಎಂಬುದೊಂದೇ. ಧೂಳಪ್ಪ ನೆನಪಾದದ್ದು ಆಮೇಲೆ, ಏಪ್ರನ್ ಕಳಚಿ ಗೂಟಕ್ಕೆ ಹಾಕಿ, ಕೈತೊಳೆಯಲು ನಳ ತಿರುಗಿಸಿದಾಗ. ನಗುವಿಗೂ ನಳಕ್ಕೂ ನಡುವೆ ಇದ್ದ ಆ ಹೊತ್ತು ಅವಳನ್ನು ಬಸ್ಸಿನೊಳಗೂ ಬಿಟ್ಟಿರಲಿಲ್ಲ. ಹೊರಗೆ ಬಿಳಿಜೋಳ ತೆನೆ ಹಿರಿದು ನಿಂತಿತ್ತು, ತೊಗರಿ ಕೊಯ್ದ ಹೊಲಗಳಲ್ಲಿ ಕೂಳೆ ಉಳಿದಿತ್ತು, ಚಳಿಗಾಲದ ಬಿಸಿಲು ಗಾಜಿನ ಮೇಲಿನ ಧೂಳನ್ನು ಬೆಳಗಿಸುತ್ತಿತ್ತು. ಒಬ್ಬ ಮನುಷ್ಯ ಸಾಯುತ್ತಿರುವುದು ಯಾತರಿಂದ ಎಂದು ತಿಳಿದು ನಕ್ಕವಳು ನಾನು, ಎಂದುಕೊಂಡಳು. ಮರುಗಳಿಗೆಯೇ, ತಿಳಿಯದೇ ಇದ್ದಿದ್ದರೆ ಅಳುತ್ತಿದ್ದೆನೇ ಎಂದು ತನ್ನನ್ನೇ ಕೇಳಿಕೊಂಡಳು.

ಧೂಳಪ್ಪ ಇಂಡಿ ಹತ್ತಿರದ ಹಳ್ಳಿ ತಾಂಬಾದವನು. ನಿಂಬೆತೋಟದಲ್ಲಿ ದುಡಿಯುವವನು. ಕೆಮ್ಮು, ಸಂಜೆಯ ಜ್ವರ, ಮೈ ಇಳಿಯುವುದು, ಇವೆಲ್ಲ ಕಂಡು ಇಂಡಿಯ ಡಾಕ್ಟರು ಕ್ಷಯದ ಗುಳಿಗೆ ಶುರು ಮಾಡಿದ್ದರು. ತಿಂಗಳುಗಟ್ಟಲೆ ನುಂಗಿದರೂ ಇಳಿದ ಮೈ ಏರಲಿಲ್ಲ. ಬಾಯಲ್ಲಿ ಹುಣ್ಣಾದಾಗ ಕ್ಯಾನ್ಸರ್ ಇರಬಹುದೆಂದು ಅದೇ ಡಾಕ್ಟರು ಬಿಜಾಪುರದ ಆಸ್ಪತ್ರೆಗೆ ಕಳಿಸಿದರು. ಹುಣ್ಣಿನಿಂದ ಚಿವುಟಿದ ತುಂಡಿನಲ್ಲಿ ಕ್ಯಾನ್ಸರ್ ಕಾಣಲಿಲ್ಲ. ಕ್ಷಯವೇ ಇದ್ದೀತು ಎಂದು ಅಲ್ಲಿಯವರು ಬರೆದರು. ತುಂಡಿನ ಅರ್ಧ ಮಾತ್ರ ಸೂಕ್ಷ್ಮಜೀವಿಗಳ ವಿಭಾಗದಲ್ಲಿದ್ದ ವಿದ್ಯಾವತಿಯ ಟೇಬಲ್ಲಿಗೆ, ಕ್ಷಯದ ಕ್ರಿಮಿ ಬೆಳೆಯುತ್ತದೋ ನೋಡಲಿಕ್ಕೆ ಬಂದಿತ್ತು. ಅವಳು ಒಂದು ಚೂರನ್ನು ಗಾಜಿಗೆ ಒತ್ತಿ ಬಣ್ಣ ಹಾಕಿ ನೋಡಿದಳು. ಜೀವಕೋಶಗಳ ಹೊಟ್ಟೆಯೊಳಗೆ ಗಸಗಸೆಗಿಂತ ಎಷ್ಟೋ ಸಣ್ಣ, ಸುತ್ತ ತೆಳ್ಳನೆ ಬೆಳಕಿನ ಬಳೆ ತೊಟ್ಟ ಚುಕ್ಕೆಗಳು. ಬೇರೆ ರೋಗದಲ್ಲೂ ಇಂಥವೇ ಚುಕ್ಕೆ ಕಾಣುತ್ತವೆ. ಬರೀ ಕಣ್ಣನ್ನು ನಂಬುವ ಹಾಗಿಲ್ಲ. ಇನ್ನೊಂದು ಚೂರನ್ನು ಯಾರೂ ಹೇಳದಿದ್ದರೂ ಬೂಷ್ಟು ಬೆಳೆಸುವ ಕೊಳವೆಯಲ್ಲಿ ಹಾಕಿಟ್ಟಳು. ವಾರಗಳು ಕಳೆದ ಮೇಲೆ ಅಲ್ಲಿ ಅರಳೆಯಂಥ ಬೆಳ್ಳನೆಯದು ಕಾಣಿಸಿಕೊಂಡಿತು.

"ಇದು ಗಾಳಿಯಾಗಿನ ಬೂಷ್ಟರಿ ಮೇಡಮ್. ಕೊಳವಿ ಬೂಚು ಸಡಲಾಗಿರತೈತಿ," ಎಂದಿದ್ದರು ವಿಭಾಗದ ಮುಖ್ಯಸ್ಥರು, ವಿದ್ಯಾರ್ಥಿಗಳ ಎದುರಿಗೆ. ನಿನ್ನೆಯ ರೊಟ್ಟಿಯ ಮೇಲೆ ಬೆಳೆಯುವುದನ್ನು ಹಿಡಕೊಂಡು ಬಂದು ತೋರಿಸಿದಳೆನ್ನುವ ಹಾಗೆ ನಕ್ಕಿದ್ದರು. ಹುಡುಗರೂ ನಕ್ಕರು. ಅವಳೂ ನಕ್ಕಳು. ಅದೇ ಈಗ ಬಸ್ಸಿನ ಕುಲುಕಾಟದಲ್ಲಿ ನೆನಪಾಯಿತು: ಅವರು ನಕ್ಕದ್ದಲ್ಲ, ತಾನೂ ಕೂಡಿ ನಕ್ಕದ್ದು. ಅವತ್ತಿನ ಸಂಜೆಯೇ ಅವಳು ಅದರ ಜಾತಿ ಪತ್ತೆ ಮಾಡಿಸಲು ನಿರ್ಧರಿಸಿದ್ದಳು. ಕಣ್ಣಿಗೆ ಒಂದೇ ಥರ ಕಾಣುವ ಬೂಷ್ಟುಗಳು ಒಳಗೆ ಒಂದೇ ಅಲ್ಲ. ಪ್ರತಿಯೊಂದರ ಕಣದಲ್ಲೂ ಅದರದೇ ಜಾತಿಯ ಬರಹ ಇರುತ್ತದೆ, ಡಿಎನ್ಎಯ ಅಕ್ಷರಗಳಲ್ಲಿ. ಅದನ್ನು ಓದಿದರೆ ಯಾರ ನಗುವಿಗೂ ಜಾಗ ಉಳಿಯುವುದಿಲ್ಲ. ಓದುವ ಯಂತ್ರ ಬಿಜಾಪುರದಲ್ಲಿ ಇರಲಿಲ್ಲ. ಸಿಂದಗಿಯ ನಜಮಾ, ಕೂಡಿ ಓದಿದವಳು, ಪುಣೆಯಲ್ಲಿದ್ದಳು. ಬೂಷ್ಟನ್ನು ಕೊಂದು, ಅದರ ಡಿಎನ್ಎ ಬೇರ್ಪಡಿಸಿ, ಜತೆಗೆ ಧೂಳಪ್ಪನ ತುಂಡಿನಲ್ಲಿ ಉಳಿದಿದ್ದ ಕೊನೆಯ ಚೂರಿನಿಂದ ನೇರವಾಗಿ ತೆಗೆದ ಡಿಎನ್ಎಯನ್ನೂ ಇನ್ನೊಂದು ಶೀಶೆಯಲ್ಲಿ ತುಂಬಿ, ಮಂಜುಗಡ್ಡೆಯ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಸೋಲಾಪುರದಿಂದ ಪುಣೆಯ ಗಾಡಿ ಹತ್ತಿದ್ದಳು. ಎದುರು ಕೂತ ಮುದುಕಿ, "ಮೀನೇನವಾ?" ಎಂದು ಕೇಳಿದ್ದಳು.

ಇಂಡಿಯಲ್ಲಿ ಇಳಿದಾಗ ಬಸ್‌ಸ್ಟ್ಯಾಂಡಿನ ತುಂಬ ನಿಂಬೆಹಣ್ಣಿನ ಚೀಲಗಳ ವಾಸನೆ ಇತ್ತು. ಆ ವಾಸನೆಯಲ್ಲಿ ಅವಳು ಬೆಳೆದವಳು. ಬಸಂತರಾಯ ಮಾಮಾನ ದವಾಖಾನೆಗೆ ಹೋಗುವ ದಾರಿಯನ್ನು ಕಾಲು ತಾವೇ ನಡೆದವು. ಧೂಳಪ್ಪನಿಗೆ ಕ್ಷಯದ ಗುಳಿಗೆ ಕೊಟ್ಟ ಡಾಕ್ಟರು ಇವರೇ, ಅವಳ ತಾಯಿಯ ಅಣ್ಣ. ಇದನ್ನು ಅವಳು ಮುಖ್ಯಸ್ಥರಿಗೂ ಹೇಳಿರಲಿಲ್ಲ, ನಜಮಾಗೂ ಹೇಳಿರಲಿಲ್ಲ. ಬಸ್ಸಿನಲ್ಲಿ ತನ್ನೊಳಗೆ ಹೇಳಿಕೊಳ್ಳುವಾಗಲೂ 'ಇಂಡಿಯ ಡಾಕ್ಟರು' ಎಂದೇ ಹೇಳಿಕೊಂಡಿದ್ದಳು. ಸಣ್ಣವಳಿದ್ದಾಗ ಆ ದವಾಖಾನೆಯ ಎತ್ತರದ ಸ್ಟೂಲಿನ ಮೇಲೆ ಕೂತು, ಮಾಮಾ ಕಿವಿಗಿಟ್ಟ ನಳಿಗೆಯಲ್ಲಿ ಯಾರದೋ ಎದೆ ಬಡಿತ ಕೇಳಿ ಹೆದರಿ ಅತ್ತಿದ್ದಳಂತೆ. ಡಾಕ್ಟರಾಗು ಎಂದವರು ಅವರೇ. ಅವಳಿಗೆ ಸೂಕ್ಷ್ಮಜೀವಿಗಳ ವಿಭಾಗದಲ್ಲಿ ಸೀಟು ಸಿಕ್ಕಾಗ, "ಮಂದೀನ ಮುಟ್ಟದ ಡಾಕ್ಟರಕಿ ಎಂಥಾದ್ದವಾ ಅದು?" ಎಂದು ನಕ್ಕವರೂ ಅವರೇ. ಅಂದಿನಿಂದ ಲಗ್ನಮುಂಜಿಗಳಲ್ಲಿ ಅವಳು ಬೂಷ್ಟಿನ ಡಾಕ್ಟರು. ಯಾರಾದರೂ ಮೊಣಕಾಲು ನೋವಿಗೆ ಗುಳಿಗೆ ಕೇಳಿದರೆ ಮಾಮಾನ ಕಡೆ ನೋಡುತ್ತಿದ್ದಳು.

ದವಾಖಾನೆಯ ಕಟ್ಟೆಯ ಮೇಲೆ ಮಂದಿ ಕೂತಿದ್ದರು. ಮಾಮಾ ಒಬ್ಬ ಮುದುಕನ ಬೆನ್ನಿಗೆ ಬೆರಳಿಟ್ಟು ಬಡಿದು ಕೇಳುತ್ತಿದ್ದರು. ಕಣ್ಣು ಮುಚ್ಚಿದ್ದವು. ಆ ಬೆರಳುಗಳ ಮೇಲೆ ಅವಳಿಗೆ ಈಗಲೂ ಪ್ರೀತಿ ಇತ್ತು, ಈಗ ಅದೇ ತೊಡಕಾಗಿತ್ತು.

"ಏನವಾ ವಿದ್ಯಾ, ಹೇಳದ ಕೇಳದ? ಮನಿಗೆ ಹೋಗಿದ್ದೇನು? ನಿಮ್ಮತ್ತಿ ಇವತ್ತ ಜುಣಕದ ವಡಿ ಮಾಡ್ಯಾಳ."

"ಮೊದಲ ನಿಮ್ಮ ಕೂಡ ಮಾತಾಡೂದೈತಿ ಮಾಮಾ. ಧೂಳಪ್ಪನ ಸಲುವಾಗಿ."

ಮುದುಕನನ್ನು ಕಳಿಸಿ ಒಳಕೋಣೆಯ ಬಾಗಿಲು ಮುಂದೆ ಮಾಡಿದರು. ಅವಳು ಹೇಳಿದಳು. ಬಸ್ಸಿನಲ್ಲಿ ಎಷ್ಟು ಸಲ ಜೋಡಿಸಿಕೊಂಡಿದ್ದಳೋ ಆ ಯಾವ ಕ್ರಮವೂ ಉಳಿಯಲಿಲ್ಲ. ಮೊದಲು ನಜಮಾ, ಆಮೇಲೆ ಹುಣ್ಣು, ಆಮೇಲೆ ಕೊಳವೆ. ಮಾಮಾ ಕನ್ನಡಕ ತೆಗೆದು ಧೋತರದ ತುದಿಯಿಂದ ಒರೆಸುತ್ತ ಕೇಳಿದರು.

"ಅದು ಅಮೆರಿಕಾದ ಬ್ಯಾನಿ. ಪುಸ್ತಕದಾಗ ಓದೀನಿ. ನಮ್ಮ ಸೀಮ್ಯಾಗ ನಾ ಒಂದೂ ನೋಡಿಲ್ಲ."

"ನೋಡಿದ್ದರೂ ಗೊತ್ತಾಗಿರಂಗಿಲ್ಲ ಮಾಮಾ. ಥೇಟ್ ಟಿ.ಬಿ. ಹಂಗ ಕಾಣತೈತಿ."

ಹೇಳಬಾರದಿತ್ತು. ಮಾತು ಬಾಯಿಂದ ಹೊರಬಿದ್ದ ಮೇಲೆಯೇ ಅದು ಎಲ್ಲಿ ತಾಗಿತೆಂದು ಅವಳಿಗೆ ಕಂಡಿತು. ಮಾಮಾನ ಕೈ ಕನ್ನಡಕದ ಮೇಲೆ ನಿಂತಿತ್ತು. ಧೂಳಪ್ಪನ ಅಣ್ಣ ಸೋಮನಿಂಗ ಹೋದ ವರ್ಷ ಇದೇ ದವಾಖಾನೆಯ ಗುಳಿಗೆ ನುಂಗುತ್ತ, ಇದೇ ಕೆಮ್ಮು ಕೆಮ್ಮುತ್ತ, ಇದೇ ರೀತಿ ಕರಗಿ ಸತ್ತಿದ್ದ. ಇಂದ್ರಾಬಾಯಿ, ಧೂಳಪ್ಪನ ಹೆಂಡತಿ, ಬಿಜಾಪುರದ ಆಸ್ಪತ್ರೆಯ ಕಟ್ಟೆಯಲ್ಲಿ ಅದನ್ನು ಹೇಳಿದ್ದಳು; ವಿದ್ಯಾವತಿ ಅದನ್ನು ಮರೆತಿರಲಿಲ್ಲ, ಆದರೆ ಮಾಮಾನ ಎದುರಿಗೆ ನಿಲ್ಲುವವರೆಗೆ ಅದು ಬರೀ ಒಂದು ಮಾಹಿತಿಯಾಗಿತ್ತು.

"ಕೊಳವ್ಯಾಗ ಬೆಳದದ್ದು ಗಾಳೀದಲ್ಲ ಅಂತ ಹೆಂಗ ಹೇಳ್ತಿ?" ಮಾಮಾನ ದನಿ ಬದಲಾಗಿತ್ತು. ಅದು ಈಗ ಮುಖ್ಯಸ್ಥರ ದನಿಯಾಗಿತ್ತು.

"ಅದನ್ನ ಕೇಳಾಕ ಪುಣೇಕ ಹೋಗಿದ್ದೆ. ಬರೇ ಕೊಳವಿದಷ್ಟ ಅಲ್ಲ, ಹುಣ್ಣಿನ ತುಂಡಿನಾಗಿಂದ ತಗದದ್ದೂ ಒಯ್ದಿದ್ದೆ. ಎರಡೂ ಒಂದ ಬಂದಾವ. ಧೂಳಪ್ಪನ ಬಾಯಾಗ ಗಾಳಿ ಬೂಷ್ಟು ಬೆಳ್ಯಾಕ ಸಾಧ್ಯ ಇಲ್ಲ ಮಾಮಾ."

ಅವರು ಕನ್ನಡಕ ಏರಿಸಿಕೊಂಡರು. ಹೊರಗೆ ಯಾರೋ ಕೂಸಿಗೆ ಗದರಿಸಿದರು. "ಆತು," ಎಂದರು ಕೊನೆಗೆ. "ನಿನ್ನ ಔಷಧಾನೂ ಸುರು ಮಾಡೂಣು. ನನ್ನದೂ ನಡೀಲಿ. ಎರಡೂ ಕೂಡೇ ಕೊಟ್ಟರ ಯಾವುದಾದರೂ ಒಂದು ಹತ್ತತೈತಿ."

ಇದಕ್ಕೇ ಅವಳು ಹೆದರಿದ್ದಳು. ಇದು ಸೌಜನ್ಯದ ಮಾತಾಗಿತ್ತು. ಇಬ್ಬರ ಮರ್ಯಾದೆಯೂ ಉಳಿಯುವ ಮಾತು. ಹೂಂ ಎಂದರೆ ಅತ್ತೆಯ ಜುಣಕದ ವಡಿ ತಿಂದು ಸಂಜೆಯ ಬಸ್ಸಿಗೆ ಹೋಗಬಹುದಿತ್ತು.

"ಹಂಗ ಆಗೂದಿಲ್ಲ ಮಾಮಾ. ಟಿ.ಬಿ. ಗುಳಿಗ್ಯಾಗ ಉಚ್ಚಿ ಕೆಂಪು ಮಾಡೂದು ಐತೆಲ್ಲ, ಅದು ಲಿವರಿನಾಗ ಹೊಕ್ಕು ಬೂಷ್ಟಿನ ಗುಳಿಗೀನ ರಕ್ತದಾಗ ನಿಲ್ಲಗೊಡೂದಿಲ್ಲ. ಎರಡೂ ಕೊಟ್ಟರ ಒಂದೂ ಕೊಟ್ಟಂಗ ಆಗೂದಿಲ್ಲ. ನಿಮ್ಮದು ಬಂದ್ ಮಾಡಬೇಕು. ಇವತ್ತ."

"ಬಂದ್ ಮಾಡಿ, ನಾಳೆ ಅದು ಟಿ.ಬಿ.ನ ಅಂತ ಆದರ?"

"ಆಗೂದಿಲ್ಲ."

"ನೀ ಇಲ್ಲೀತನಾ ಎಷ್ಟು ಮಂದಿಗೆ ಔಷಧ ಕೊಟ್ಟೀ, ವಿದ್ಯಾ?" ಮೆತ್ತಗೆ ಕೇಳಿದರು. ಬೈದಿದ್ದರೆ ಸಹಿಸುತ್ತಿದ್ದಳು. "ಒಬ್ಬನ ಹಾಸಿಗಿ ಬಾಜೂ ಕುಂತೀ ಏನು? ಗಾಜಿನ ಮ್ಯಾಲ ನೋಡೂದು ಬ್ಯಾರೆ ಐತಿ."

ಅವಳ ಕಿವಿ ಬಿಸಿಯಾದವು. ಎಳೆಯ ಹುಡುಗಿಯಂತೆ ಸ್ಟೂಲಿನ ಕಾಲನ್ನು ನೋಡುತ್ತ ನಿಂತಳು. ತಾನು ಗೆಲ್ಲಲು ಬಂದೆನೇ, ಈ ಮುದಿ ಮನುಷ್ಯ ಸೋಲುವುದನ್ನು ಕಣ್ಣಾರೆ ನೋಡಲಿಕ್ಕೆ ಬಂದೆನೇ? ಹಾಗೂ ಇರಬಹುದು. ಮುಂಜಾನೆ ನಕ್ಕ ನಗುವಿನಲ್ಲಿ ಇದೂ ಒಂದು ಪಾಲು ಇದ್ದಿರಬಹುದು. ಇದ್ದರೆ ಇರಲಿ, ನನ್ನ ಮನಸ್ಸು ಹೊಲಸಿದ್ದರೂ ಧೂಳಪ್ಪನ ಬಾಯಲ್ಲಿರುವುದು ಬದಲಾಗುವುದಿಲ್ಲ. ಈ ಯೋಚನೆ ಅವಳಿಗೆ ವಿಚಿತ್ರ ಧೈರ್ಯ ಕೊಟ್ಟಿತು.

"ಕುಂತಿಲ್ಲ. ಇವತ್ತ ಕುಂದರತೇನಿ," ಎಂದಳು. "ಅವನ್ನ ಸಂಜಿಕ ಬಿಜಾಪುರಕ್ಕ ಕರಕೊಂಡು ಹೋಗ್ತೇನಿ."

ಬಾಗಿಲ ಹಿಡಿಕೆಗೆ ಕೈ ಹಾಕಿದಾಗ ಹಿಂದಿನಿಂದ ಮಾಮಾ ಕೇಳಿದರು, "ಸೋಮನಿಂಗಗೂ ಅದ ಇತ್ತೇನು?"

ಇಲ್ಲ ಅನ್ನಬಹುದಿತ್ತು. ಇತ್ತು ಅನ್ನಲೂಬಹುದಿತ್ತು. "ಗೊತ್ತಿಲ್ಲ ಮಾಮಾ," ಎಂದಳು. "ನೋಡಾಕ ಅವಂದು ಏನೂ ಉಳದಿಲ್ಲ."

ತಾಂಬಾದ ಟೆಂಪೋದಲ್ಲಿ ಹೆಂಗಸರು ಸರಿದು ಜಾಗ ಮಾಡಿಕೊಟ್ಟರು. ಒಬ್ಬಳ ಮಡಿಲಲ್ಲಿ ಕೋಳಿ ಇತ್ತು. ಅದರ ಕೆಂಪು ಕಣ್ಣು ಒಮ್ಮೆ ಇವಳ ಮೇಲೆ, ಒಮ್ಮೆ ಹೊರಗೆ. ಒಬ್ಬನ ಹಾಸಿಗಿ ಬಾಜೂ ಕುಂತೀ ಏನು? ಅಪ್ಪ ಸಾಯುವಾಗ ಅವಳು ಪರೀಕ್ಷೆಯಲ್ಲಿದ್ದಳು. ಬಾಜೂ ಕೂತವರು ಮಾಮಾ. ಅಪ್ಪನ ಅಂಗೈ ಹಿಡಿದು ನಾಡಿ ನಿಲ್ಲುವುದನ್ನು ಬೆರಳಲ್ಲಿ ಕೇಳಿದವರು ಅವರು. ಅದನ್ನು ಮಾಮಾ ಎಂದೂ ಎತ್ತಿ ಆಡಿರಲಿಲ್ಲ, ಇವತ್ತೂ ಆಡಲಿಲ್ಲ; ಆದರೂ ಆ ಪ್ರಶ್ನೆಯ ಕೆಳಗೆ ಅದು ಇತ್ತು. ಟೆಂಪೋ ಕಾಲುವೆಯ ಏರಿ ಹತ್ತಿತು.

ಧೂಳಪ್ಪ ತೋಟದ ಮನೆಯ ಮುಂದೆ ಹೊರಸಿನ ಮೇಲಿದ್ದ. ಬಿಸಿಲಿಗೆ ಬೆನ್ನು ಕೊಟ್ಟು ಮಲಗಿದ್ದವನು ಅವಳನ್ನು ಕಂಡು ಏಳಲು ಹೋಗಿ, ಕಣ್ಣು ಕತ್ತಲೆ ಬಂದು, ಮತ್ತೆ ಕೂತ. ತಿಂಗಳ ಹಿಂದೆ ನೋಡಿದ್ದಕ್ಕಿಂತ ಮೈ ಕಪ್ಪಾಗಿತ್ತು. ಮೂತ್ರಪಿಂಡದ ಮೇಲಿನ ಗ್ರಂಥಿಗಳಿಗೂ ಬೂಷ್ಟು ಇಳಿದಿರಬೇಕು, ಅದಕ್ಕೇ ಈ ಕಪ್ಪು, ಈ ಕಣ್ಣುಕತ್ತಲೆ ಎಂದು ಅವಳ ತಲೆ ತನ್ನಷ್ಟಕ್ಕೆ ಲೆಕ್ಕ ಹಾಕಿತು. ಇಂದ್ರಾಬಾಯಿ ಸೆರಗಿನಿಂದ ಹೊರಸಿನ ತುದಿ ಒರೆಸಿ ವಿದ್ಯಾವತಿಯನ್ನು ಕೂಡ್ರಿಸಿದಳು.

"ಮತ್ತ ನನ್ನ ಬಾಯಾಗಿನ ಖಂಡ ಕೊಯ್ಯಾಕ ಬಂದೀರೇನ್ರಿ?" ಎಂದ ಧೂಳಪ್ಪ. ಹುಣ್ಣಿನಿಂದಾಗಿ ಮಾತು ತೊದಲುತ್ತಿತ್ತು, ಆದರೆ ಸಿಟ್ಟು ತೊದಲಿರಲಿಲ್ಲ.

"ಇಲ್ಲ. ಅದರಾಗ ಏನಿತ್ತಂತ ಹೇಳಾಕ ಬಂದೇನಿ. ನಿಮಗ ಟಿ.ಬಿ. ಇಲ್ಲ."

ಗಂಡಹೆಂಡತಿ ಮುಖ ಮುಖ ನೋಡಿಕೊಂಡರು. ಟಿ.ಬಿ. ಇಲ್ಲ ಎಂದರೆ ಅವರು ಹಿಗ್ಗಬಹುದೆಂದು ದಾರಿಯುದ್ದಕ್ಕೂ ಅಂದುಕೊಂಡಿದ್ದಳು. ಅವರು ಹೆದರಿದರು. ಗೊತ್ತಿದ್ದ ರೋಗವೊಂದನ್ನು ಕಸಿದುಕೊಂಡ ಹಾಗಾಯಿತು.

"ಮತ್ತೇನರಿ?" ಎಂದಳು ಇಂದ್ರಾಬಾಯಿ.

"ಒಂದ ನಮೂನಿ ಬೂಷ್ಟು. ಕಣ್ಣಿಗೆ ಕಾಣದಂಥಾದ್ದು. ಉಸಿರಿನಾಗ ಒಳಗ ಹೋಗಿ ಎದಿಯಾಗ ಕುಂದರತೈತಿ, ಅಲ್ಲಿಂದ ರಕ್ತದಾಗ ಹೊಕ್ಕು ಮೈ ತುಂಬ ಹರದಾಡತೈತಿ. ಬಾವಲಿ ಹಿಕ್ಕಿ ಬಿದ್ದು ಹಳೇದಾದ ಮಣ್ಣಿನಾಗ ಇರತೈತಿ. ನೀವು ಅಂಥಾ ಜಾಗಾದಾಗ ಎಲ್ಲೆರೆ ಕೆಲಸ ಮಾಡೀರೇನು?"

ಇಂದ್ರಾಬಾಯಿಯೇ ಹೇಳಿದಳು, ತೋಟದಾಚೆಯ ಬಿದ್ದ ವಾಡೆಯ, ಆ ಹಳೆಯ ದೊಡ್ಡಮನೆಯ ಕಡೆ ಕೈ ಮಾಡಿ. "ಆ ವಾಡೇದ ನೆಲಮಾಳಿಗ್ಯಾಗ ಬಾವಲಿ ಗೊಬ್ಬರ ಮೊಣಕಾಲಮಟ ಇತ್ತರಿ. ಲಿಂಬಿ ಗಿಡಕ್ಕ ಭಾಳ ಚಲೋ ಅಂತ ಮಾಲಕರು ಹೇಳಿದ್ರು. ಅಣ್ಣಾ ತಮ್ಮಾ ಇಬ್ಬರೂ ಕೂಡೇ ಇಳದು ಬುಟ್ಟಿ ಹೊತ್ತರಿ. ಹೊರಗ ಬಂದಾಗ ಮೀಸಿ ಹುಬ್ಬು ಎಲ್ಲಾ ಬೂದಿ ಆಗಿದ್ದೂವು. ನಾ ನೋಡಿ ನಕ್ಕಿದ್ದೆ."

ಇಬ್ಬರೂ ಕೂಡೇ. ವಿದ್ಯಾವತಿಯ ಒಳಗೆ ಏನೋ ಸರಕ್ಕನೆ ತನ್ನ ಜಾಗಕ್ಕೆ ಹೋಗಿ ಕೂತಿತು. ಮುಂಜಾನೆಯಂತೆಯೇ; ಆದರೆ ಈಗ ನಗು ಬರಲಿಲ್ಲ. ನಿಂಬೆಗಿಡಗಳು ಹಚ್ಚಗೆ, ಹಣ್ಣು ಹೊತ್ತು ಬಾಗಿ ನಿಂತಿದ್ದವು. ಎಷ್ಟು ಚೆಂದ ಬೆಳೆದಿವೆ ಎಂದುಕೊಂಡು, ಹಾಗಂದುಕೊಂಡದ್ದಕ್ಕೆ ಕಣ್ಣು ಕೆಳಗೆ ಹಾಕಿದಳು.

"ಇದಕ್ಕ ಔಷಧ ಐತಿ," ಎಂದಳು. "ಮೊದಲ ದವಾಖಾನ್ಯಾಗ ಸಲಾಯಿನ್‌ದಾಗ ಕೊಡತಾರ. ಮೈ ನಡಗತೈತಿ, ಚಳಿ ಬರತೈತಿ, ಸುಳ್ಳು ಹೇಳಂಗಿಲ್ಲ. ಆಮ್ಯಾಲ ಒಂದು ವರ್ಷ ಗುಳಿಗಿ. ಆದರ ಈಗ ನುಂಗಾಕತ್ತಿದ್ದು ಬಿಡಬೇಕು. ಇವತ್ತಿಂದ."

"ಡಾಕ್ಟರ ಸಾಹೇಬರು ಹೇಳಿದ್ರೇನರಿ?"

"ನಾ ಹೇಳಾಕತ್ತೇನಿ."

ಧೂಳಪ್ಪ ತಲೆ ಅಲ್ಲಾಡಿಸಿದ. "ನಮ್ಮವ್ವನ ಹೆರಿಗಿ ಮಾಡ್ಸಿದವರು ಅವರ. ನಾ ಹುಟ್ಟಿದ್ದ ಅವರ ಕೈಯಾಗ. ಒಂದ ಹೊತ್ತೂ ಗುಳಿಗಿ ತಪ್ಪಸಬ್ಯಾಡ, ತಪ್ಪಸಿದರ ಜೀವಕ್ಕ ಎರವು ಅಂತ ಹೇಳ್ಯಾರ. ಅವರು ಬಾಯಿಬಿಟ್ಟು ಬಿಡು ಅಂದರ ಬಿಡ್ತೇನರಿ. ನಿಮ್ಮ ಮಾತಿಗೆ ಬಿಡಂಗಿಲ್ಲ. ಸಿಟ್ಟಾಗಬ್ಯಾಡ್ರಿ ಬಾಯಾರ."

ಸಿಟ್ಟು ಬರಲಿಲ್ಲ. ಅವನ ಜಾಗದಲ್ಲಿದ್ದರೆ ತಾನೂ ಇದನ್ನೇ ಅನ್ನುತ್ತಿದ್ದಳು. ಪುಣೆಯ ಯಂತ್ರ ಅಕ್ಷರಕ್ಕೆ ಅಕ್ಷರ ಹೊಂದಿಸಿ ಹೇಳಿದ ಸತ್ಯ ಈ ಹೊರಸಿನ ಹತ್ತಿರ ಬಂದು ನಿಂತುಬಿಟ್ಟಿತ್ತು. ಅದನ್ನು ಇನ್ನೊಂದು ಹೆಜ್ಜೆ ಮುಂದೆ ಒಯ್ಯಬಲ್ಲ ಬಾಯಿ ಒಂದೇ ಇತ್ತು, ಅದನ್ನು ಅವಳು ಇಂಡಿಯಲ್ಲಿ ಮುಚ್ಚಿಸಿ ಬಂದಿದ್ದಳು.

"ಊರಾಗ ಫೋನ್ ಎಲ್ಲೈತಿ?" ಎಂದಳು.

ನಬಿಲಾಲನ ಕಿರಾಣಿ ಅಂಗಡಿಯ ಮೂಲೆಯಲ್ಲಿ ಗಾಜಿನ ಗೂಡು ಇತ್ತು, ಮೇಲೆ ಹಳದಿ ಹಲಗೆ. ಧೂಳಪ್ಪನನ್ನು ಸೈಕಲ್ಲಿನ ಕ್ಯಾರಿಯರ್ ಮೇಲೆ ಕೂಡ್ರಿಸಿ ಇಂದ್ರಾಬಾಯಿ ಹಿಡಿದುಕೊಂಡಳು, ನಬಿಲಾಲನೇ ಬಂದು ತಳ್ಳಿದ. ದಾರಿಯಲ್ಲಿ ಕಂಡವರೆಲ್ಲ ಎಲ್ಲಿಗೆ ಎಂದು ಕೇಳಿದರು. ವಿದ್ಯಾವತಿ ಮಾಮಾನ ಮನೆಯ ನಂಬರ್ ತಿರುಗಿಸಿದಳು. ಅತ್ತೆ ಎತ್ತಿದರು, "ಊಟಕ್ಕ ಬರಲಿಲ್ಲೇನವಾ?" ಎಂದರು. ಆಮೇಲೆ ಮಾಮಾ.

"ಮಾಮಾ, ನಾ ತಾಂಬಾದಾಗ ಅದೇನಿ. ಧೂಳಪ್ಪ ಇಲ್ಲೇ ಬಾಜೂ ನಿಂತಾನ. ನೀವು ಹೇಳಿದರ ಅಷ್ಟ ಬಿಡ್ತೇನಿ ಅಂತಾನ." ಬೇಡಿಕೊಳ್ಳಬಾರದು ಎಂದುಕೊಂಡು ಬೇಡಿಕೊಂಡಳು. "ಅಣ್ಣಾ ತಮ್ಮಾ ಇಬ್ಬರೂ ವಾಡೇದಾಗ ಬಾವಲಿ ಗೊಬ್ಬರ ಹೊತ್ತಾರ ಮಾಮಾ. ಇಬ್ಬರೂ. ನಾ ಗೆದ್ದಂಗ ಆಗೂದು ಬ್ಯಾಡ. ನನ್ನ ಹೆಸರ ತಗೀಬ್ಯಾಡ್ರಿ. ಅವಗ ಒಂದು ಮಾತು ಹೇಳ್ರಿ ಸಾಕು."

ತಂತಿಯಲ್ಲಿ ಯಾರದೋ ಬೇರೆ ಮಾತು ದೂರದಲ್ಲಿ ಬಂದು ಹೋಯಿತು. ಫೋನ್ ಇಟ್ಟರೇನೋ ಎಂದುಕೊಂಡಳು.

"ಕೊಡು ಅವಗ," ಎಂದರು.

ಧೂಳಪ್ಪ ರಿಸೀವರನ್ನು ಎರಡೂ ಕೈಯಲ್ಲಿ ಹಿಡಿದು, ಗೂಡಿನ ಗಾಜಿಗೆ ಒರಗಿ, ತಲೆ ಬಗ್ಗಿಸಿ ಕೇಳಿದ. "ಹೂಂರಿ," ಎಂದ. ಬಹಳ ಹೊತ್ತಾದ ಮೇಲೆ ಮತ್ತೆ, "ಹೂಂರಿ." ಒಮ್ಮೆ ತಲೆಯೆತ್ತಿ ಹೆಂಡತಿಯ ಕಡೆ ನೋಡಿದ. ಒಮ್ಮೆ "ಅಣ್ಣಗರಿ?" ಎಂದು ಕೇಳಿದ, ಕೇಳಿ ರಿಸೀವರನ್ನು ಕಿವಿಗೆ ಇನ್ನೂ ಒತ್ತಿಕೊಂಡ. ಗಾಜಿನಾಚೆ ನಿಂತ ವಿದ್ಯಾವತಿಗೆ ಮಾಮಾ ಹೇಳುತ್ತಿದ್ದುದರಲ್ಲಿ ಒಂದಕ್ಷರವೂ ಕೇಳಿಸಲಿಲ್ಲ. ಕೊನೆಗೆ ಅವನು, "ಹಂಗ ಅನಬ್ಯಾಡ್ರಿ ಸಾಹೇಬರ," ಎಂದ, ರಿಸೀವರನ್ನು ಅವಳಿಗೆ ಕೊಡದೇ ತಾನೇ ಮೆಲ್ಲಗೆ ಅದರ ಜಾಗಕ್ಕಿಟ್ಟ.

"ಬಿಡು ಅಂದ್ರು. ನಿಮ್ಮ ಕೂಡ ಹೋಗು ಅಂದ್ರು."

"ಮತ್ತೇನಂದ್ರು?"

ಧೂಳಪ್ಪ ಅವಳನ್ನು ನೇರವಾಗಿ ನೋಡಿದ. "ಅದು ನನಗ ಹೇಳಿದ್ದರಿ," ಎಂದ.

ಸಂಜೆ ಅವನನ್ನು ಬಿಜಾಪುರದಲ್ಲಿ ಸೇರಿಸಿದರು. ಮರುದಿನ ಸಲಾಯಿನ್‌ನಲ್ಲಿ ಔಷಧ ಹನಿಯತೊಡಗಿದ ಸ್ವಲ್ಪ ಹೊತ್ತಿಗೆ ಅವನ ಹಲ್ಲು ಕಟಕಟ ಕಡಿಯತೊಡಗಿದವು, ಮಂಚವೇ ನಡುಗಿತು. ಬಾಜೂ ಕೂತ ವಿದ್ಯಾವತಿಗೆ ಏನು ಮಾಡಬೇಕೆಂದು ತಿಳಿಯಲಿಲ್ಲ. ಪುಸ್ತಕದಲ್ಲಿ ಇದೆಲ್ಲ ಒಂದು ಸಾಲು: ಚಳಿ ಮತ್ತು ನಡುಕ ಸಾಮಾನ್ಯ. ಅವಳು ಅವನ ಪಾದಗಳನ್ನು ಎರಡೂ ಕೈಯಲ್ಲಿ ಒತ್ತಿ ಹಿಡಿದಳು. ಬಿರಿದ ಹಿಮ್ಮಡಿ ಕೈಗೆ ಒರಟಾಗಿ ತಾಗಿತು. ಅವನು ಬೈದ, ನನ್ನ ಕೊಲ್ಲಾಕ ತಂದೀರಿ ಎಂದ, ಅವ್ವಾ ಎಂದ. ಅವಳಿಗೆ ಓಡಿಹೋಗಬೇಕೆನಿಸಿತು, ಗಾಜು, ಬಣ್ಣ, ಬೆಳಕು ಇರುವ, ಯಾರೂ ಬೈಯದ ತನ್ನ ಕೋಣೆಗೆ. ಏಳಲಿಲ್ಲ. ನಡುಕ ಇಳಿದ ಮೇಲೆ ಅವನು ನಿದ್ದೆ ಹೋದ. ಮಾರನೇ ದಿನವೂ ಹಾಗೆಯೇ, ಅದರ ಮಾರನೇ ದಿನ ಸ್ವಲ್ಪ ಕಡಿಮೆ. ವಾರ್ಡಿನ ಡಾಕ್ಟರುಗಳು ಮೊದಮೊದಲು ಇವಳನ್ನು ದಾರಿಗೆ ಅಡ್ಡ ಇಟ್ಟ ಕುರ್ಚಿಯಂತೆ ಸುತ್ತುಹಾಕಿ ಹೋಗುತ್ತಿದ್ದರು, ಆಮೇಲೆ ನಿಂತು ಮಾತಾಡಿಸತೊಡಗಿದರು. ಹುಣ್ಣಿನ ಅಂಚು ಒಣಗಿತು. ಒಂದು ಮುಂಜಾನೆ ಅವನು ಇಂದ್ರಾಬಾಯಿಗೆ, ಖಾರ ಇಲ್ಲದ ಇದೆಂಥಾ ಪಲ್ಯ ಎಂದು ಗದರಿದ. ಮಂಚದ ಆಚೆ ಬದಿಯಲ್ಲಿ ಇಂದ್ರಾಬಾಯಿ ಮುಖ ತಿರುಗಿಸಿ ಕಣ್ಣೊರೆಸಿಕೊಂಡಳು. ಗುಳಿಗೆ ಶುರುವಾಗಿ ಅವನು ಊರಿಗೆ ಹೋದ ಮೇಲೆ ಕಾಲೇಜಿನ ಸಭೆಯಲ್ಲಿ ಮುಖ್ಯಸ್ಥರು 'ನಮ್ಮ ವಿಭಾಗ ಕಂಡುಹಿಡಿದ ಕೇಸು' ಎಂದು ಮಾತಾಡಿದರು. ವಿದ್ಯಾವತಿ ಹಿಂದಿನ ಸಾಲಿನಲ್ಲಿ ಕೂತು ಕೇಳಿದಳು. ನೋಯಲಿಲ್ಲವೆಂದರೆ ಸುಳ್ಳಾದೀತು, ಆದರೆ ಈ ಸಲ ಅವಳು ನಗಲಿಲ್ಲ. ಎದ್ದು ನಿಂತು, ತಾಂಬಾದ ವಾಡೆಯಿಂದ ಮಣ್ಣು ತಂದು ನೋಡಬೇಕು, ಸುತ್ತಲಿನ ದವಾಖಾನೆಗಳಲ್ಲಿ ಗುಳಿಗೆಗೆ ಬಗ್ಗದ ಟಿ.ಬಿ.ಯವರನ್ನೆಲ್ಲ ಮತ್ತೆ ನೋಡಬೇಕು ಎಂದಳು. ಬೇಸಿಗೆ ಕಳೀಲಿ ನೋಡೋಣ ಎಂದರು ಮುಖ್ಯಸ್ಥರು. ಬೇಸಿಗೆ ಕಳೆಯುವುದನ್ನು ಅವಳು ಕಾಯಲಿಲ್ಲ. ಮೂಗು ಬಾಯಿಗೆ ದಪ್ಪ ಪಟ್ಟಿ ಕಟ್ಟಿಕೊಂಡು ನೆಲಮಾಳಿಗೆಗೆ ಇಳಿದು ಮಣ್ಣು ತುಂಬಿಕೊಂಡು ಬಂದಳು, ಆ ಬಾಗಿಲಿಗೆ ಕಲ್ಲು ಒಟ್ಟಿಸಿದಳು.

ಮಾಮಾ ಫೋನ್ ಮಾಡಲಿಲ್ಲ. ಅವಳೂ ಮಾಡಲಿಲ್ಲ. ಸುಗ್ಗಿ ಮುಗಿದು ಬಿಸಿಲು ಏರಿದ ಮೇಲೆ ಒಂದು ದಿನ ಪ್ರಯೋಗಶಾಲೆಯ ಬಾಗಿಲಲ್ಲಿ ಬೆಳ್ಳನೆಯ ಧೋತರ ಕಂಡಿತು. ಬಸ್ಸಿನಲ್ಲಿ ಬಂದ ಧೂಳು ಇನ್ನೂ ಮುಖದ ಮೇಲಿತ್ತು. ಇಷ್ಟು ವರ್ಷಗಳಲ್ಲಿ ಅವರು ಈ ಕೋಣೆಗೆ ಕಾಲಿಟ್ಟಿರಲಿಲ್ಲ.

"ಸಿಂದಗಿ ಕಡೆ ಹೆಣ್ಣುಮಗಳು," ಎಂದರು, ನಿಂತಲ್ಲೇ. "ಲಕ್ಕವ್ವ ಅಂತ. ಟಿ.ಬಿ. ಗುಳಿಗಿ ಹತ್ತವಲ್ಲವು. ಬಾಯಾಗ ಹುಣ್ಣೈತಿ. ಕೆರದು ಗಾಜಿಗೆ ಬಳಕೊಂಡು ಬಂದೀನಿ. ಹೊರಗ ಕುಂತಾಳ." ಅಂಗಿಯ ಕಿಸೆಯಿಂದ ಕಾಗದದಲ್ಲಿ ಸುತ್ತಿದ ಗಾಜಿನ ತುಂಡು ತೆಗೆದರು.

ಅವಳು ಬಣ್ಣ ಹಾಕಿದಳು. ಬಣ್ಣ ಹಿಡಿಯುವವರೆಗೆ ಇಬ್ಬರೂ ಚಹಾ ಕುಡಿದರು. ಅತ್ತೆಯ ಕಾಲುನೋವಿನ ಸುದ್ದಿ ಬಂತು, ನಿಂಬೆ ಧಾರಣೆಯ ಸುದ್ದಿ ಬಂತು. ತಾಂಬಾದ ಫೋನಿನ ಸುದ್ದಿ ಬರಲಿಲ್ಲ. ಗಾಜು ತೊಳೆದು ಒಣಗಿಸಿ ಸೂಕ್ಷ್ಮದರ್ಶಕದ ಕೆಳಗಿಟ್ಟು, ಸ್ಟೂಲು ಬಿಟ್ಟುಕೊಟ್ಟಳು. "ಮೊದಲ ನೀವು ನೋಡ್ರಿ ಮಾಮಾ. ದೊಡ್ಡ ಕಣ ಇರತಾವ, ಅದರ ಹೊಟ್ಟ್ಯಾಗ ಸಣ್ಣ ಸಣ್ಣ ಚುಕ್ಕಿ. ಸುತ್ತಲೂ ಬೆಳ್ಳಗ ಬಳಿ ಇದ್ದಂಗ."

ಕನ್ನಡಕ ತೆಗೆದು ಕಣ್ಣಿಟ್ಟರು. ಬೆರಳುಗಳಿಗೆ ಗಾಲಿ ತಿರುಗಿಸಿ ರೂಢಿ ಇರಲಿಲ್ಲ, ದೃಶ್ಯ ಕೈತಪ್ಪಿ ಹೋಗುತ್ತಿತ್ತು; ಅವಳು ಬಗ್ಗಿ ತಿರುಗಿಸಿಕೊಟ್ಟಳು. "ಇವೇನು?" ಎಂದರು. ಅವಳು ನೋಡಿದಳು. ಬಳೆ ತೊಟ್ಟ ಚುಕ್ಕೆಗಳು, ಗುಂಪುಗುಂಪಾಗಿ. "ಹಂಗ ಕಾಣತಾವ ಮಾಮಾ. ಖರೇ ಜಾತಿ ಯಾವುದಂತ ಪುಣೆಯವರ ಹೇಳಬೇಕು." ಅವರು ಮತ್ತೆ ಕಣ್ಣಿಟ್ಟರು. ಈ ಸಲ ತೆಗೆಯಲಿಲ್ಲ. ಗಾಲಿಯ ಮೇಲಿನ ಕೈ ಅಲುಗಲಿಲ್ಲ, ಭುಜಗಳು ಮಾತ್ರ ಇಳಿದಿದ್ದವು. ಅವರು ನೋಡುತ್ತಿರುವುದು ಲಕ್ಕವ್ವನನ್ನಲ್ಲ, ಸೋಮನಿಂಗನನ್ನು ಎಂದು ಅವಳಿಗೆ ಗೊತ್ತಾಯಿತು. ಭುಜ ಮುಟ್ಟಬೇಕೆಂದುಕೊಂಡಳು. ಮುಟ್ಟಿದರೆ ಅವರು ಏಳಬೇಕಾಗುತ್ತಿತ್ತು. ಎಷ್ಟು ಹೊತ್ತು ಬೇಕೋ ಅಷ್ಟು ನೋಡಲಿ ಎಂದು ಬಿಟ್ಟು, ಟಾರ್ಚು ತಗೊಂಡು ಹೊರಗೆ ಬಂದಳು.

ಬಾಕಿನ ಮೇಲೆ ಒಣಗಿದ ಹೆಂಗಸು ಸೆರಗನ್ನು ಬಾಯಿಗೆ ಹಿಡಿದು ಕೂತಿದ್ದಳು. "ಏನೈತ್ರಿ ನನಗ?" ಎಂದಳು.

"ಇನ್ನೂ ಪೂರಾ ಗೊತ್ತಿಲ್ಲವಾ," ಎಂದಳು ವಿದ್ಯಾವತಿ, ಅವಳ ಬಾಜೂ ಕೂತು, ಗದ್ದಕ್ಕೆ ಕೈ ಹಚ್ಚಿ ಮುಖವನ್ನು ಬೆಳಕಿನ ಕಡೆ ತಿರುಗಿಸಿಕೊಳ್ಳುತ್ತ. "ಗೊತ್ತಾಗೂತನಾ ನಾವು ಬಿಡಂಗಿಲ್ಲ. ಎಲ್ಲಿ, ಬಾಯಿ ತಗೀ ನೋಡೂಣು."